ಶನಿವಾರದ ಬಟವಾಡೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಪ್ರಭುವಿನಲ್ಲಿ ವಂದನೆ. ನಿನ್ನಿಂದ ಒಂದೇ ದಿನ ಎರಡು ಫೋಟೋ ಬಂದವು. ಒಂದು, ನಿಮ್ಮ ಚರ್ಚಿನ ಸಭೆಯಲ್ಲಿ ಹನ್ನೆರಡು ವಾರದ ಶಿಷ್ಯತ್ವ ತರಗತಿ ಮುಗಿಸಿದ್ದಕ್ಕೆ ಕೊಟ್ಟ ಸರ್ಟಿಫಿಕೇಟು. ಇನ್ನೊಂದು, ನೀನು ಶುರು ಮಾಡಲಿರುವ ಹೋಟೆಲಿನ ಖರ್ಚಿನ ಪಟ್ಟಿ. ಮೊದಲನೆಯದರ ಕೆಳಗೆ, "ದೇವರ ರಾಜ್ಯದ ಮೌಲ್ಯಗಳು ಅಂತ ಪಾಠ ಚೆನ್ನಾಗಿತ್ತು ಕಣೋ, ಆದ್ರೆ ಸೋಮವಾರ ಬೆಳಿಗ್ಗೆ ಏನು ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ" ಅಂತ ಬರೆದಿದ್ದೆ. ಪಟ್ಟಿಯ ಕೆಳಗೆ ಏನೂ ಬರೆದಿರಲಿಲ್ಲ. ನನಗೆ ಉತ್ತರ ಸಿಕ್ಕಿದ್ದು ಆ ಪಟ್ಟಿಯಲ್ಲೇ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಪಾಠ ಹೇಳುವವನಲ್ಲ, ಮನೆ ಕಟ್ಟಿಸುವ ಸಣ್ಣ ಕಂಟ್ರಾಕ್ಟರು. ಹಾಗಾಗಿ ನನಗೆ ಲೂಕನ ಸುವಾರ್ತೆಯ 14ನೇ ಅಧ್ಯಾಯ ಅಂದರೆ ಇಷ್ಟ. ಶಿಲುಬೆ ಹೊತ್ತುಕೊಂಡು ಹಿಂದೆ ಬರದವನು ನನ್ನ ಶಿಷ್ಯನಾಗಲಾರ ಅಂತ ಹೇಳಿದ ಬೆನ್ನಿಗೇ ಯೇಸುಸ್ವಾಮಿ ಎಸ್ಟಿಮೇಟ್ ಮಾತಾಡುತ್ತಾರೆ! ಗೋಪುರ ಕಟ್ಟುವವನು ಮೊದಲು ಕೂತು ಲೆಕ್ಕ ಹಾಕಲ್ವಾ, ಪಾಯ ಹಾಕಿ ದುಡ್ಡಿಲ್ಲದೆ ನಿಲ್ಲಿಸಿದರೆ ನೋಡಿದವರು ನಗಲ್ವಾ ಅಂತ. (ಅಂಥ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕಂಬಿಗಳು ತುಕ್ಕು ಹಿಡಿದು ಹಾಗೇ ನಿಂತಿರುತ್ತವೆ.) ಸುವಾರ್ತೆಯಲ್ಲಿ ಯೇಸುವಿನ ಕಸುಬಿಗೆ ಬಳಸಿರುವ ಗ್ರೀಕ್ ಪದ ತೆಕ್ತೋನ್. ನಾವು ಬಡಗಿ ಅನ್ನುತ್ತೇವೆ. ಮನೆ ಕಟ್ಟುವವನಿಗೂ ಅದೇ ಪದ ಸಲ್ಲುತ್ತದಂತೆ. ಅದನ್ನು ಕೇಳಿದ ದಿನ ನನಗೆ ಸ್ವಲ್ಪ ಜಂಬವೇ ಆಗಿತ್ತು.

ಆ ಜಂಬ ಇಳಿದದ್ದು ನಾಲ್ಕು ವರ್ಷದ ಹಿಂದೆ. ಒಂದು ಶನಿವಾರ ಬಟವಾಡೆ ಮಾಡಲಿಲ್ಲ. ಮನೆ ಮಾಲೀಕರಿಂದ ದುಡ್ಡು ಬಂದಿರಲಿಲ್ಲ, ಅದು ನಿಜ. ನನ್ನ ಅಕೌಂಟಿನಲ್ಲಿತ್ತು, ಅದೂ ನಿಜ. ಸೋಮವಾರ ಕೊಡ್ತೀನಿ ಅಂದೆ. ಗಾರೆಯವರು ಗೊಣಗಿಕೊಂಡು ಹೋದರು. ಒಬ್ಬ ಹೆಣ್ಣಾಳು ಮಾತ್ರ ಹೋಗಲಿಲ್ಲ. ಜಲ್ಲಿ ರಾಶಿಯ ಪಕ್ಕ, ತೊಳೆದ ಟಿಫನ್ ಡಬ್ಬಿಯನ್ನು ತೊಡೆ ಮೇಲಿಟ್ಟುಕೊಂಡು ಕೂತಿದ್ದಳು. ಕೈಕಾಲು ತೊಳೆದಿದ್ದರೂ ಉಗುರಿನ ಸಂದಿಯಲ್ಲಿ ಸಿಮೆಂಟು. ಏನಮ್ಮಾ ಅಂದೆ. "ಅಕ್ಕಿ ತಗೊಂಡು ಹೋಗ್ಬೇಕಿತ್ತು ಸಾರ್" ಅಂದಳು. ನೂರು ರೂಪಾಯಿ ಕೊಟ್ಟು ಕಳಿಸಿದೆ, ದೊಡ್ಡ ಧರ್ಮ ಮಾಡಿದವನ ಹಾಗೆ. ಅವಳದೇ ದುಡ್ಡು ಅದು!

ಮರುದಿನ ಆರಾಧನೆಯಲ್ಲಿ ವಾಕ್ಯ ಓದುವ ಸರದಿ ನನ್ನದು. ಮತ್ತಾಯನ ಸುವಾರ್ತೆ 20, ದ್ರಾಕ್ಷಿತೋಟದ ಕೂಲಿಯವರ ಕಥೆ: ತೋಟದ ಯಜಮಾನ ಬೆಳಿಗ್ಗೆ ಬಂದವರಿಗೂ ಸಂಜೆ ಬಂದವರಿಗೂ ಒಂದೇ ಕೂಲಿ ಕೊಡುತ್ತಾನೆ. ಸಾಯಂಕಾಲ ಆಳುಗಳನ್ನು ಕರೆದು ಕೂಲಿ ಕೊಡು ಅನ್ನುವ ಕಡೆ ನಾಲಿಗೆ ತಡವರಿಸಿತು. ಆ ಯಜಮಾನ ಸಾಯಂಕಾಲವೇ ಯಾಕೆ ಕೊಡುತ್ತಾನೆ ಗೊತ್ತಾ? ಮೋಶೆಯ ಧರ್ಮಶಾಸ್ತ್ರವೇ ಹಾಗಿದೆ. ಕೂಲಿಯವನ ಕೂಲಿ ಬೆಳಗಿನ ತನಕ ನಿನ್ನ ಹತ್ತಿರ ಇರಕೂಡದು ಅನ್ನುತ್ತದೆ ಯಾಜಕಕಾಂಡ 19. ಹೊತ್ತು ಮುಳುಗುವ ಮುಂಚೆ ಕೊಡು, ಅವನು ಬಡವ, ಅದನ್ನೇ ನಂಬಿಕೊಂಡಿದ್ದಾನೆ ಅನ್ನುತ್ತದೆ ಧರ್ಮೋಪದೇಶಕಾಂಡ 24. ಯಾಕೋಬನ ಪತ್ರದಲ್ಲಂತೂ ಹಿಡಿದಿಟ್ಟುಕೊಂಡ ಕೂಲಿಯೇ ಕೂಗಿಕೊಳ್ಳುತ್ತದೆ. ಇಷ್ಟು ವರ್ಷ ಯೇಸುಸ್ವಾಮಿ ಹೇಳಿದ ಈ ಸಾಮ್ಯವನ್ನು (ದೃಷ್ಟಾಂತವನ್ನು) ಕೃಪೆಯ ಕಥೆ ಅಂತ ಕೇಳಿದ್ದೆ. ಕೃಪೆಯ ಕಥೆಯೇ, ಸುಳ್ಳಲ್ಲ. ಕೂಲಿಯ ಕಥೆಯೂ ಹೌದಲ್ವಾ?

ಆ ಯಜಮಾನ ದಿನಕ್ಕೆ ಐದು ಸಲ ಆಳು ಕರೆಯಲು ಹೋಗುತ್ತಾನೆ. ನಮ್ಮ ಸರ್ಕಲ್ಲಿಗೆ ಬೆಳಿಗ್ಗೆ ಏಳಕ್ಕೆ ಬಂದು ನೋಡು. ಕರಣೆ, ಬುಟ್ಟಿ ಹಿಡಿದು ನಿಂತವರಲ್ಲಿ ಗಟ್ಟಿಮುಟ್ಟಾದವರು ಅರ್ಧ ಗಂಟೆಯಲ್ಲಿ ಖಾಲಿ. ಹತ್ತು ಗಂಟೆಗೂ ಅಲ್ಲೇ ಇರುವವರು ವಯಸ್ಸಾದವರು, ಕೈಕೂಸಿನವರು. ಆ ಕಥೆಯಲ್ಲಿ ಸಂಜೆ ಐದಕ್ಕೂ ನಿಂತಿದ್ದರಲ್ಲ, ಅವರು ಸೋಮಾರಿಗಳು ಅಂತಲೇ ನಾನು ಅಂದುಕೊಂಡಿದ್ದೆ. ಅವರು ಕೊಡುವ ಉತ್ತರ ಓದು: ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ. ಅವರಿಗೂ ಪೂರ್ತಿ ಒಂದು ದಿನದ ಕೂಲಿ ಸಿಗುತ್ತದೆ. ಗಂಟೆ ಲೆಕ್ಕದಲ್ಲಿ ಕೊಟ್ಟಿದ್ದರೆ ಅವರ ಮನೆಯಲ್ಲಿ ಅವತ್ತು ಒಲೆ ಹತ್ತುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆಯೇ ಎಲ್ಲರಿಗೂ ಕೊಟ್ಟೆ. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಬಟವಾಡೆ ಪುಸ್ತಕ ತೆಗೆದಾಗ ಇನ್ನೊಂದು ಕಣ್ಣಿಗೆ ಬಿತ್ತು. ಮರಳು ಹೊರುವ ಗಂಡಾಳಿಗೆ ಒಂದು ರೇಟು, ಅದೇ ಬುಟ್ಟಿ ಹೊರುವ ಹೆಣ್ಣಾಳಿಗೆ ನೂರೈವತ್ತು ಕಡಿಮೆ. ಸಮಾನ ವೇತನದ ಕಾನೂನು 1976ರಲ್ಲೇ ಬಂದಿದೆ, ನಾನು ಹುಟ್ಟುವ ಮುಂಚೆ. ಎಲ್ಲ ಕಡೆ ಹೀಗೇ ಅಂತ ಸುಮ್ನೆ ಬರೆದುಕೊಂಡು ಬಂದಿದ್ದೆ. ಕೂಲಿ ಒಂದೇ ಮಾಡಿದೆ.

ಮೊದಲ ಶನಿವಾರವೇ ಒಬ್ಬ ಗಂಡಾಳು ಜಗಳಕ್ಕೆ ಬಂದ. ಅವನ ಕೂಲಿಯಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಿರಲಿಲ್ಲ. ಆದರೂ, "ಅವರನ್ನೂ ನಮ್ಮನ್ನೂ ಒಂದೇ ಮಾಡಿಬಿಟ್ರಲ್ಲ ಸಾರ್" ಅಂದ. ನನಗೆ ಮೈ ಜುಮ್ಮೆಂದಿತು. ಬಿಸಿಲಲ್ಲಿ ಇಡೀ ದಿನ ದುಡಿದ ಆ ಮೊದಲ ಆಳುಗಳು ಗೊಣಗಿದ್ದೂ ಇದನ್ನೇ. ಇವನು ಸತ್ಯವೇದ ಮುಟ್ಟಿದವನೂ ಅಲ್ಲ.

ಅವನು ಕೆಲಸ ಬಿಟ್ಟ. ಚದರಕ್ಕೆ ನನ್ನ ರೇಟು ಸ್ವಲ್ಪ ಏರಿತು, ಆ ವರ್ಷ ಎರಡು ಮನೆ ಕೈತಪ್ಪಿದವು. ದೇವರು ಎರಡರಷ್ಟು ವಾಪಸ್ ಕೊಟ್ಟರು ಅಂತ ಸಾಕ್ಷಿ ಹೇಳೋಣವೆಂದರೆ ಹಾಗೇನೂ ಆಗಲಿಲ್ಲ. ಒಂದು ಬಟವಾಡೆಗೆ ಮನೆಯವಳ ಚೈನು ಬ್ಯಾಂಕಿಗೆ ಹೋಗಿ ಬಂತು. ಈಗಲೂ ಕೆಲವು ಶನಿವಾರ ಮಾಲೀಕರ ಫೋನು ಬರದಿದ್ದರೆ, ಸೋಮವಾರ ಕೊಡ್ತೀನಿ ಅನ್ನುವ ಮಾತು ಬಾಯಿ ತನಕ ಬರುತ್ತದೆ.

ಈಗ ನಿನ್ನ ಪಟ್ಟಿ. ಬಾಡಿಗೆ, ಗ್ಯಾಸು, ಗ್ರೈಂಡರು, ಅಡುಗೆ ಭಟ್ಟರು, ಇಬ್ಬರು ಸಪ್ಲೈಯರು, ಬೋರ್ಡು, ಓಪನಿಂಗ್ ದಿನದ ಪ್ರಾರ್ಥನೆಗೆ ಬರುವವರ ಊಟ, ಎಲ್ಲದರ ಮುಂದೆಯೂ ಅಂಕಿ ಇದೆ. ಕೆಳಗಡೆ "ಪಾತ್ರೆ ತೊಳೆಯುವವರು" ಅಂತ ಬರೆದು, ಮುಂದೆ "ನೋಡೋಣ" ಅಂತ ಹಾಕಿದ್ದೀಯ. ಅಲ್ಲೊಂದು ಅಂಕಿ ಬರೆದು ಇನ್ನೊಂದು ಸಲ ಫೋಟೋ ಕಳಿಸು. ಕೂತು ಲೆಕ್ಕ ನೋಡೋಣ.

ಅತ್ತಿಗೆಗೆ ಕೇಳಿದೆ ಅಂತ ಹೇಳು.

ಇಂತಿ,
ನಿನ್ನ ಗೆಳೆಯ