ಕನ್ನಡದ ಪ್ರಬಂಧಗಳಿಗೂ ಉಲ್ಲೇಖ ತಂತ್ರಾಂಶ ಕಲಿಸಿ

ಮಾನ್ಯ ಸಂಪಾದಕರೇ,

ನಾಗಮಂಗಲ ತಾಲ್ಲೂಕಿನ ಶಾಸನಗಳನ್ನು ಕುರಿತು ಪಿಎಚ್.ಡಿ. ಪ್ರಬಂಧ ಬರೆದ ನಾನು, ಅದನ್ನು ಸಲ್ಲಿಸುವ ಹಿಂದಿನ ವಾರ ಮೂರನೆಯ ಅಧ್ಯಾಯದ ಒಂದು ಪ್ಯಾರಾವನ್ನು ಎರಡನೆಯ ಅಧ್ಯಾಯಕ್ಕೆ ಸರಿಸಿದೆ. ಅದರ ಜೊತೆಗೆ ಹೋದ ಅಡಿಟಿಪ್ಪಣಿಯಲ್ಲಿ ‘ಅದೇ, ಪು. 42’ ಎಂದಷ್ಟೇ ಇತ್ತು; ಅಂದರೆ ಹಿಂದಿನ ಟಿಪ್ಪಣಿಯಲ್ಲಿ ಹೇಳಿದ ಪುಸ್ತಕವೇ ಎಂದರ್ಥ. ಹೊಸ ಜಾಗದಲ್ಲಿ ಆ ‘ಅದೇ’ ಬೇರೊಂದು ಪುಸ್ತಕವನ್ನು ತೋರಿಸಿತು. ಅದರ ಕೆಳಗಿದ್ದ ಇನ್ನೆರಡು ‘ಅದೇ’ಗಳೂ ದಾರಿ ತಪ್ಪಿದವು. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಆ ಪುಟದ ಮೇಲೆ ಬೆರಳಿಟ್ಟಾಗ ನನ್ನಲ್ಲಿ ಉತ್ತರವಿರಲಿಲ್ಲ. ಒಬ್ಬ ವಿದ್ವಾಂಸರ ಶ್ರಮವನ್ನು ಇನ್ನೊಬ್ಬರ ಲೆಕ್ಕಕ್ಕೆ ಬರೆದಿದ್ದೆನಲ್ಲ ಎಂಬ ಸಂಕಟ ಇಂದಿಗೂ ಹೋಗಿಲ್ಲ.

ಇದನ್ನು ತಪ್ಪಿಸುವ ಜೊಟೆರೊ ಎಂಬ ತಂತ್ರಾಂಶ 2006ರಿಂದಲೂ ಉಚಿತವಾಗಿ ದೊರೆಯುತ್ತಿದೆ. ಪುಸ್ತಕದ ವಿವರವನ್ನು ಒಮ್ಮೆ ತುಂಬಿಟ್ಟರೆ, ವರ್ಡ್ ಅಥವಾ ಲಿಬ್ರೆಆಫೀಸ್‌ನಲ್ಲಿ ಬೇಕಾದೆಡೆ ಉಲ್ಲೇಖ ಸೇರಿಸಬಹುದು. ಪ್ಯಾರಾ ಎಲ್ಲಿಗೆ ಹೋದರೂ ಟಿಪ್ಪಣಿಗಳು ತಾವೇ ಸರಿಹೊಂದುತ್ತವೆ, ಕೊನೆಯ ಗ್ರಂಥಸೂಚಿಯೂ ತಾನೇ ಸಿದ್ಧವಾಗುತ್ತದೆ. ನಾನು ಇದನ್ನು ಕಲಿತದ್ದು ಪ್ರಬಂಧ ಸಲ್ಲಿಸಿದ ಮೇಲೆ.

ಕನ್ನಡದಲ್ಲಿ ಬರೆಯುವವರಿಗೆ ದೊಡ್ಡ ತೊಡಕು ಬೆರಳಚ್ಚಿನದು. ನಮ್ಮಲ್ಲಿ ಅನೇಕರ ಪ್ರಬಂಧ ಇಂದಿಗೂ ಡಿಟಿಪಿ ಅಂಗಡಿಯಲ್ಲಿ ‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಆಸ್ಕಿ ಅಕ್ಷರಗಳಲ್ಲಿ (ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ರೂಪ ತೊಡಿಸಿದವು) ಸಿದ್ಧವಾಗುತ್ತದೆ. ಜೊಟೆರೊದಿಂದ ಬರುವ ಕನ್ನಡ ಯೂನಿಕೋಡ್‌ನದು, ಅಂದರೆ ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಕೇತವಿರುವ ವ್ಯವಸ್ಥೆಯದು; ಅದು ಆಸ್ಕಿಯೊಂದಿಗೆ ಹೊಂದುವುದಿಲ್ಲ. ಆಸ್ಕಿಯಲ್ಲಿ ಟೈಪಿಸಿದ ಗ್ರಂಥಸೂಚಿಯನ್ನು ಕಂಪ್ಯೂಟರಿಗೆ ಕೊಟ್ಟು ಅಕಾರಾದಿಯಾಗಿ ಜೋಡಿಸು ಎಂದರೆ, ಅದಕ್ಕೆ ‘ಅ’ ‘ಕ’ಗಳು ಕಾಣುವುದೇ ಇಲ್ಲ, ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಾಣುತ್ತವೆ. ಇನ್ನು ಹೆಸರಿನ ಪ್ರಶ್ನೆ. ತಂತ್ರಾಂಶ ಲೇಖಕರ ಹೆಸರನ್ನು ಕುಲನಾಮ, ಮೊದಲ ಹೆಸರು ಎಂದು ಒಡೆದು ಕೇಳುತ್ತದೆ. ಕುವೆಂಪು, ಪುತಿನ ಎಂಬ ಹೆಸರುಗಳನ್ನು ಹೇಗೆ ಒಡೆಯುವುದು? ಹೆಸರಿನ ಪಕ್ಕದ ಸಣ್ಣ ಗುಂಡಿ ಒತ್ತಿದರೆ ಎರಡು ಖಾನೆಗಳು ಒಂದಾಗುತ್ತವೆ. ಇಷ್ಟನ್ನು ತೋರಿಸಿಕೊಡುವವರು ಬೇಕು.

ತಂತ್ರಾಂಶ ಎಲ್ಲವನ್ನೂ ತಿದ್ದುತ್ತದೆ ಎಂದು ನಾನು ಹೇಳುತ್ತಿಲ್ಲ. ನಾಗಮಂಗಲದ ಶಾಸನಗಳು ಬಿ.ಎಲ್. ರೈಸ್ ಅವರ ಶಾಸನ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ 4ನೆಯ ಸಂಪುಟದಲ್ಲಿವೆ, ಮೈಸೂರು ವಿಶ್ವವಿದ್ಯಾನಿಲಯ ತಂದ ಅದರ ಪರಿಷ್ಕೃತ ಆವೃತ್ತಿಯಲ್ಲಿ 7ನೆಯದರಲ್ಲಿವೆ. ಯಾವುದನ್ನು ನೋಡಿದೆವು ಎಂಬುದನ್ನು ಸಂಶೋಧಕರೇ ಪುಸ್ತಕ ಕೈಯಲ್ಲಿ ಹಿಡಿದು ನಮೂದಿಸಬೇಕು.

ಪಿಎಚ್.ಡಿ.ಗೆ ಕೋರ್ಸ್‌ವರ್ಕ್ ಹೇಗೂ ಕಡ್ಡಾಯವಾಗಿದೆ. ಅದರಲ್ಲಿ ಎರಡು ದಿನವನ್ನಾದರೂ, ಕನ್ನಡ ಪುಸ್ತಕಗಳನ್ನೇ ಮುಂದಿಟ್ಟುಕೊಂಡು, ಕನ್ನಡದಲ್ಲೇ ಈ ಅಭ್ಯಾಸಕ್ಕೆ ಮೀಸಲಿಡಬೇಕೆಂದೂ, ಪ್ರಬಂಧಗಳನ್ನು ಯೂನಿಕೋಡ್‌ನಲ್ಲಿಯೇ ಸ್ವೀಕರಿಸಬೇಕೆಂದೂ ಈ ಭಾಗದ ವಿಶ್ವವಿದ್ಯಾನಿಲಯಗಳನ್ನು ಕೋರುತ್ತೇನೆ.

— ಸಂಶೋಧಕಿ, ಮಂಡ್ಯ