ನೀನು ಪುಢಾರಿ ಅಂದದ್ದಕ್ಕೆ ಸಿಕ್ಕ ಪೇಡೆ

ಗೆಳೆಯಾ,

ನಿನ್ನ ಮೆಸೇಜ್ ಬಂತು. "ಶಾಲೆ ಸಮಿತಿಗೆ ಅಧ್ಯಕ್ಷ ಆದೆಯಂತೆ. ಕಡೆಗೂ ಪುಢಾರಿ ಆಗಿಬಿಟ್ಟೆಯಲ್ಲೋ!" ಕೆಳಗೆ ಮೂರು ನಗುವ ಮುಖ. ಆಗ ನಾನು ಊರ ಕಿರಾಣಿ ಅಂಗಡಿಯಲ್ಲಿ ಕೂತಿದ್ದೆ. ಅಂಗಡಿಯವನದು ಮರಾಠಿ ಮನೆ. ಕನ್ನಡ ಚೆನ್ನಾಗಿ ಮಾತಾಡುತ್ತಾನೆ, ಓದೋಕೆ ಬರಲ್ಲ. ಏನು ಬರೆದಿದ್ದಾರೆ ಅಂತ ಕೇಳಿದ, ಓದಿ ಹೇಳಿದೆ. ಪುಣ್ಯಾತ್ಮ ಎದ್ದು ಬಂದು ಕೈ ಕುಲುಕಿದ. "ನಿಮ್ಮ ದೋಸ್ತ ಎಷ್ಟು ಮರ್ಯಾದೆ ಕೊಟ್ಟು ಬರೆದಿದ್ದಾನೆ" ಅಂತ ಡಬ್ಬಿಯಿಂದ ಒಂದು ಪೇಡೆ ತೆಗೆದು ಕೈಗಿಟ್ಟ. ನೀನು ಬೈದದ್ದಕ್ಕೆ ನನಗೆ ಪೇಡೆ ಸಿಕ್ಕಿತು ನೋಡು.

ಅವನದೇನೂ ತಪ್ಪಿಲ್ಲ. ಮರಾಠಿಯಲ್ಲಿ ಪುಢೆ ಅಂದರೆ ಮುಂದೆ. ಪುಢಾರಿ ಅಂದರೆ ಮುಂದೆ ನಡೆಯುವವನು, ನಮ್ಮ ಮುಂದಾಳು ಇದ್ದಾನಲ್ಲ, ಅವನೇ. ಟಿಳಕರ ಕಾಲದಲ್ಲಿ ದೊಡ್ಡ ದೊಡ್ಡವರನ್ನೆಲ್ಲ ಪುಢಾರಿ ಅಂತಲೇ ಬರೆಯುತ್ತಿದ್ದರು. ಕೊಲ್ಹಾಪುರದ ಒಂದು ದೊಡ್ಡ ದಿನಪತ್ರಿಕೆಯ ಹೆಸರೇ ಪುಢಾರಿ. ನಮ್ಮ ಅಂಗಡಿಯವನು ಬೆಳಗ್ಗೆ ಅದನ್ನು ಓದುತ್ತಾನೆ, ಸಂಜೆ ಅದರಲ್ಲೇ ಶೇಂಗಾ ಕಟ್ಟಿಕೊಡುತ್ತಾನೆ. ಕನ್ನಡದಲ್ಲಿ ಯಾರಾದರೂ ಪೇಪರಿಗೆ ಆ ಹೆಸರಿಟ್ಟರೆ ಹಾಸ್ಯದ ಪತ್ರಿಕೆ ಅಂದುಕೊಂಡಾರು, ಅಲ್ವಾ?

1956ರಲ್ಲಿ ನಿನ್ನ ವಿಜಯಪುರ ಮೈಸೂರು ರಾಜ್ಯಕ್ಕೆ ಹೋಯಿತು. ನಮ್ಮ ಜತ್ತ ತಾಲ್ಲೂಕು ಮುಂಬಯಿ ರಾಜ್ಯದಲ್ಲೇ ಉಳಿದು, 1960ರಲ್ಲಿ ಮಹಾರಾಷ್ಟ್ರದ ಪಾಲಾಯಿತು. ಅದಕ್ಕೂ ಮುಂಚೆಯೇ ಈ ಶಬ್ದ ನಮ್ಮ ಬಾಯಿಗೆ ಬಂದು ಕೂತಿರಬೇಕು. ಆದರೆ ಬಂದ ಮೇಲೆ ನಾವು ಅದನ್ನು ನಡೆಸಿಕೊಂಡ ರೀತಿ ನೋಡು. ಮುಂದಾಳು ಅನ್ನೋದನ್ನು ವೇದಿಕೆ ಮೇಲೆ ಕೂರಿಸಿದೆವು. ಧುರೀಣ ಅಂದರೆ ನೊಗ ಹೊರುವವನು, ಅವನಿಗೂ ಹಾರ ಹಾಕಿದೆವು. ಪುಢಾರಿಗೆ ಮಾತ್ರ ಬೈಸಿಕೊಳ್ಳುವ ಕೆಲಸ. ಅದೂ ಸಾಲದು ಅಂತ ಒಂದು 'ಮರಿ' ಸೇರಿಸಿ ಮರಿ ಪುಢಾರಿ ಮಾಡಿದೆವು. ಇಲ್ಲಿ ಮರಾಠಿಯವರೂ ಈಗೀಗ ಕೊಂಕು ಮಾಡಬೇಕಾದರೆ 'ಗಲ್ಲಿ ಪುಢಾರಿ' ಅನ್ನುತ್ತಾರೆ, ಆದರೆ ಅವರಿಗೆ ಆ ಗಲ್ಲಿ ಬೇಕು. ನಮಗೆ ಬರೀ ಶಬ್ದ ಸಾಕು.

ಹಾಗಂತ ನಾನೇನು ಸಾಚಾ ಅಲ್ಲ. ನಮ್ಮ ಮನೆಯಲ್ಲಿ ಈ ಶಬ್ದ ಉಪ್ಪಿನಕಾಯಿ ಇದ್ದ ಹಾಗೆ, ದಿನಾ ಒಂದು ಹೊತ್ತಾದರೂ ಬೇಕು. ನಮ್ಮೂರಲ್ಲಿ ಒಬ್ಬನಿದ್ದಾನೆ. ಅವನಪ್ಪ ಪ್ರತಿ ವರ್ಷ ದಸರಾ ದಾಟಿದ ಕೂಡಲೇ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕಬ್ಬು ಕಡಿಯೋಕೆ ಕೃಷ್ಣಾ ದಂಡೆಯ ಕಡೆ ಹೋಗುತ್ತಿದ್ದ. ಮಗ ಹನ್ನೆರಡನೇ ಇಯತ್ತೆ ತನಕ ಓದಿದ. ಹಳೆಯ ಬೊಲೆರೊ ತಗೊಂಡ. ಬಿಳಿ ಅಂಗಿ, ಬಿಳಿ ಪ್ಯಾಂಟು, ಕೈಯಲ್ಲಿ ಅರ್ಜಿಗಳ ಫೈಲು. ಅವನು ಕಟ್ಟೆ ಮುಂದೆ ಹಾದರೆ ನಮ್ಮ ಕಾಕಾ ಕೆಮ್ಮುತ್ತಿದ್ದರು. "ಬಂದ ನೋಡ್ರಪ್ಪಾ ಪುಢಾರಿ." ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಒಂದು ಬೇಸಿಗೆ ಬೋರುಗಳೆಲ್ಲ ಒಣಗಿ ಟ್ಯಾಂಕರ್ ಬೇಕಾಯಿತು. ಒಂದು ಕಚೇರಿಗೆ ಅವನ ಜೊತೆ ನಾನೂ ಹೋದೆ. ಹೊರಗೆ ಬೆಂಚಿನ ಮೇಲೆ ಕಾಯುತ್ತಾ ಕೂತಿದ್ದೆವು. ಅವನು ಬಗ್ಗಿ ಚಪ್ಪಲಿ ಸರಿ ಮಾಡಿಕೊಂಡಾಗ ಕಾಲರಿನ ಹಿಂಭಾಗ ಕಂಡಿತು. ಪೂರ್ತಿ ಸವೆದು ಬಟ್ಟೆ ಬಿಟ್ಟುಕೊಂಡಿತ್ತು. ಅದರ ಮೇಲೆ ಬಿಳಿ ದಾರದಲ್ಲಿ ಸಣ್ಣ ಸಣ್ಣ ಹೊಲಿಗೆ ಹಾಕಿತ್ತು. ಇಸ್ತ್ರಿ ಮಾತ್ರ ಕಡಕ್. ನಾನು ನೋಡಿದ್ದು ಅವನಿಗೆ ಗೊತ್ತಾಯಿತು. "ಇರೋದೇ ಎರಡು ಜೊತೆ ಸರ್. ಬಣ್ಣದ ಅಂಗಿ ಹಾಕ್ಕೊಂಡು ಬಂದ್ರೆ ಬಾಗಿಲಲ್ಲೇ ನಿಲ್ಲಿಸ್ತಾರೆ. ಬಿಳಿ ಹಾಕಿದ್ರೆ ಕುರ್ಚಿ ಸಿಗತ್ತೆ" ಅಂದ. ಕುರ್ಚಿ ಸಿಕ್ಕಿತು. ಮೂರನೇ ದಿನ ಟ್ಯಾಂಕರೂ ಬಂತು. ಅವನೇನು ದೇವರಲ್ಲ ಬಿಡು. ಆ ಟ್ಯಾಂಕರ್ ಅವನ ಭಾವಮೈದುನನದು ಅಂತ ಆಮೇಲೆ ತಿಳಿಯಿತು. ಆದರೆ ಸಾಲಿನಲ್ಲಿ ಮೊದಲ ಕೊಡ ಇಟ್ಟವರು ನಮ್ಮ ಕಾಕಾ.

ನನ್ನ ಅಜ್ಜನೂ ಬಿಳಿಯನ್ನೇ ಉಡುತ್ತಿದ್ದ. ಅವನೂ ಎಲ್ಲರ ಮುಂದೆ ನಡೆಯುತ್ತಿದ್ದ, ಅವನ ಹಿಂದೆಯೂ ನಾಲ್ಕು ಜನ ಇರುತ್ತಿದ್ದರು, ಊರ ಕೆಲಸದಲ್ಲಿ ಅವನ ಬೀಗರಿಗೂ ಪಾಲು ಸಿಗುತ್ತಿತ್ತು. ಅವನನ್ನು ಯಾರೂ ಪುಢಾರಿ ಅನ್ನಲಿಲ್ಲ, ಗೌಡ್ರು ಅಂದರು. ಯಾಕೆಂದರೆ ಅವನು ಮುಂದೆ ಬಂದವನಲ್ಲ, ಹುಟ್ಟುವಾಗಲೇ ಮುಂದೆ ಇದ್ದವನು. 1962ರಲ್ಲಿ ಕಾನೂನು ಮಾಡಿ ವಂಶದ ಪಾಟೀಲಕಿ, ಅಂದರೆ ಗೌಡಿಕೆ, ತೆಗೆದುಹಾಕಿದರು. ನಮ್ಮ ಕಟ್ಟೆಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ ಅಂತ ಕಾಣುತ್ತೆ.

ಇದು ನಮ್ಮಲ್ಲಿ ಮಾತ್ರ ಅಲ್ಲ ಮಾರಾಯ. ಇಂಗ್ಲಿಷಿನವರು ಇಂಥವನನ್ನು ಅಪ್‌ಸ್ಟಾರ್ಟ್ ಅಂದರು, ತಟ್ಟನೆ ಮೇಲೆದ್ದವನು. 1592ರಲ್ಲಿ ಲಂಡನ್ನಿನ ಒಬ್ಬ ನಾಟಕಕಾರನನ್ನು ಅದೇ ಶಬ್ದ ಹಾಕಿ ಕಾಗೆ ಅಂತ ಜರೆದರು. ಅವನು ಕೈಗವಸು ಮಾಡುವವನ ಮಗ, ಯೂನಿವರ್ಸಿಟಿ ಮೆಟ್ಟಿಲು ಹತ್ತಿದವನಲ್ಲ. ಅವನೇ ಶೇಕ್ಸ್‌ಪಿಯರ್ ಅಂತ ಓದಿದವರು ಹೇಳುತ್ತಾರೆ. ಫ್ರೆಂಚರ ಶಬ್ದ ಪಾರ್ವೆನು, ಅಂದರೆ ಬಂದು ಮುಟ್ಟಿದವನು. ಒಬ್ಬ ಎದ್ದ, ಒಬ್ಬ ಬಂದ, ನಮ್ಮವ ಮುಂದೆ ಹೋದ. ಎಲ್ಲರಿಗೂ ಬೈಗುಳ ಬಿದ್ದದ್ದು ಇದ್ದಲ್ಲೇ ಇರಲಿಲ್ಲ ಅಂತ.

ಕಾಕಾನ ಹತ್ತಿರ ಇನ್ನೊಂದು ಅಸ್ತ್ರ ಇದೆ, ನಿನಗೂ ಗೊತ್ತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ತಮಿಳು, ತೆಲುಗು, ಮಲಯಾಳದಲ್ಲೂ ಈ ಗಾದೆ ಹೆಚ್ಚುಕಮ್ಮಿ ಹೀಗೇ ಇದೆ. ಚಿಕ್ಕಂದಿನಲ್ಲಿ ನನಗೆ ಇದು ಬರೀ ಮಳೆ ಬಿಸಿಲಿನ ಮಾತು ಅನಿಸುತ್ತಿತ್ತು. ಆದರೆ ಕೊಡೆ ಆಗ ಅಂತಸ್ತಿನ ಗುರುತು. ಛತ್ರಪತಿ ಅನ್ನೋದರಲ್ಲಿ ಇರೋದೂ ಅದೇ ಛತ್ರಿ. ಹಗಲಲ್ಲಿ ಕೊಡೆ ಬಿಚ್ಚಿದರೆ ಹೊಡೆಯುವವರಿದ್ದ ಊರಲ್ಲಿ ಆ ಅಲ್ಪ ಇನ್ಯಾವಾಗ ಬಿಚ್ಚಬೇಕಿತ್ತು? ಒಮ್ಮೆ ಕಾಕಾಗೆ ಇದನ್ನೇ ಕೇಳಿದೆ. "ನೀನೂ ಭಾಷಣ ಮಾಡೋದು ಕಲಿತೆ" ಅಂದರು.

ಫ್ಲೆಕ್ಸ್ ಕಟ್ಟಿಸಿಕೊಳ್ಳುವವರು ಇಲ್ಲವೇ ಅಂತ ನೀನು ಕೇಳಬಹುದು. ಇದ್ದಾರೆ, ಬೇಕಾದಷ್ಟು. ಹುಟ್ಟುಹಬ್ಬಕ್ಕೆ ಕರಿ ಕನ್ನಡಕದ ಫೋಟೊ, ಕೆಳಗೆ 'ಭಾವಿ ಆಮದಾರ'. ಆಮದಾರ ಅಂದರೆ ಇಲ್ಲಿ ಶಾಸಕ. ಗ್ರಾಮ ಪಂಚಾಯ್ತಿಗೆ ನಿಂತು ಸೋತವನೂ ಭಾವಿ ಆಮದಾರನೇ! ಅವರನ್ನು ಪುಢಾರಿ ಅಂದರೆ ನನ್ನ ತಕರಾರಿಲ್ಲ, ನಾನೂ ಜೊತೆಗೂಡುತ್ತೇನೆ.

ನನ್ನ ಪುಢಾರಿಕೆ ವಿಷಯಕ್ಕೆ ಬರೋಣ. ನಮ್ಮದು ಕನ್ನಡ ಶಾಲೆ. ಪುಸ್ತಕ ಮಹಾರಾಷ್ಟ್ರ ಸರ್ಕಾರದ್ದು, ಅಕ್ಷರ ನಮ್ಮದು. ಎರಡು ಶಿಕ್ಷಕರ ಜಾಗ ಖಾಲಿ ಇದೆ. ಮೂರು ಅರ್ಜಿ ಕೊಟ್ಟೆ, ಎಲ್ಲಿ ಹೋದವೋ. ಸೋಮವಾರ ಮತ್ತೆ ಹೋಗಬೇಕು. ಆ ಹುಡುಗನನ್ನೇ ಜೊತೆಗೆ ಕರೆದಿದ್ದೇನೆ. ಬೊಲೆರೊಗೆ ಡೀಸೆಲ್ ನಾನು ಹಾಕಿಸುವುದು ಅಂತ ಮಾತಾಗಿದೆ. "ಸರ್, ಆ ಚೌಕಳಿ ಅಂಗಿ ಬೇಡ" ಅಂದಿದ್ದಾನೆ. ಮದುವೆಗೆ ಹೊಲಿಸಿದ ಬಿಳಿ ಅಂಗಿ ಟ್ರಂಕಿನಲ್ಲಿತ್ತು. ಇವಳು ನೀಲಿ ಹಾಕಿ ಒಗೆದು ಅಂಗಳದಲ್ಲಿ ಒಣಹಾಕಿದ್ದಾಳೆ. ಹೊಟ್ಟೆ ಹತ್ತಿರ ಗುಂಡಿ ಹಿಡಿಯುತ್ತಿಲ್ಲ, ಅದೊಂದು ಚಿಂತೆ.

ಕಾಕಾ ಆಗಲೇ ಕಟ್ಟೆ ಮೇಲಿಂದ ಎರಡು ಸಲ ಕೆಮ್ಮಿದರು.

ಗುಡ್ಡಾಪುರದ ದಾನಮ್ಮನ ಜಾತ್ರೆಗೆ ಬರುತ್ತೀಯಲ್ಲ, ಆಗ ಮನೆಗೆ ಬಾ.

ನಿನ್ನ,
ಪುಢಾರಿ