ಶೇಡ್ ಕಾರ್ಡ್ ನಂಬಿ ಬಿಳಿ ಬಣ್ಣ ಕೊಳ್ಳಬೇಡಿ

ಮಾನ್ಯ ಸಂಪಾದಕರೇ,

ಗೋಡೆಗೆ ಬಿಳಿ ಬಳಿಸುವುದರಲ್ಲಿ ಯೋಚಿಸುವಂಥದ್ದೇನಿದೆ ಎನ್ನುವವರೇ ಹೆಚ್ಚಾಗಿ ಬಿಳಿಯಲ್ಲೇ ಎಡವುತ್ತಾರೆ. ‘ಕೂಲ್ ವೈಟ್’ ಹೆಸರಿನ ಬಣ್ಣಗಳು ಅಂಗಡಿಯ ಶೇಡ್ ಕಾರ್ಡಿನಲ್ಲಿ, ಅಂದರೆ ಬಣ್ಣದ ಮಾದರಿ ಚೀಟಿಯಲ್ಲಿ, ಹಾಲಿನಂತೆ ಕಾಣುತ್ತವೆ. ಅದೇ ಬಣ್ಣ ಗೋಡೆಗೇರಿದ ಮೇಲೆ ಒಂದು ಕೋಣೆಯಲ್ಲಿ ಬೂದಿಯಾಗಿ, ಇನ್ನೊಂದರಲ್ಲಿ ತಿಳಿ ನೀಲಿಯಾಗಿ ಕಾಣುತ್ತದೆ. ಬೈಗುಳ ಪೇಂಟರ್‌ಗೆ ಬೀಳುತ್ತದೆ. ಆದರೆ ಹೆಚ್ಚಿನ ಸಲ ಎಡವಟ್ಟಾಗಿರುವುದು ಬಣ್ಣ ಆರಿಸುವಾಗಲೇ.

ಮೊದಲಿಗೆ, ಈ ಹೆಸರಿನ ‘ಕೂಲ್’ಗೂ ಸೆಕೆಗೂ ಸಂಬಂಧವಿಲ್ಲ. ಬಿಸಿಲನ್ನು ಹಿಂದಕ್ಕೆ ಎಸೆಯುವ ತಾರಸಿಯ ಲೇಪನವೇ ಬೇರೆ. ಒಳಗೋಡೆಯ ಕೂಲ್ ವೈಟ್‌ನಿಂದ ಕೋಣೆ ತಂಪಾಗದು. ಇಲ್ಲಿ ಹೇಳುತ್ತಿರುವುದು ಬಣ್ಣದ ಒಳಛಾಯೆಯನ್ನು. ಬಿಳಿ ಪೇಂಟಿಗೆ ಬಿಳುಪು ಬರುವುದು ಟೈಟೇನಿಯಂ ಡೈಆಕ್ಸೈಡ್‌ನಿಂದ. ಅದಕ್ಕೆ ತುಸು ಕಪ್ಪು, ನೀಲಿ ಅಥವಾ ನೇರಳೆ ಬೆರೆಸಿದರೆ ತಣ್ಣನೆಯ ಬಿಳಿ. ಹಳದಿಯನ್ನೋ ಕೆಂಪು ಕಾವಿಯನ್ನೋ ಬೆರೆಸಿದರೆ ಬೆಚ್ಚನೆಯ ಬಿಳಿ. ಒಗೆದ ಬಟ್ಟೆಗೆ ನೀಲಿ ಹಾಕುತ್ತೇವಲ್ಲ, ಹಾಗೆ. ಹದ ತಪ್ಪಿದರೆ ಬಟ್ಟೆಯಂತೆ ಗೋಡೆಯೂ ನೀಲಿಗಟ್ಟುತ್ತದೆ.

ಒಂದೇ ಕಾರ್ಡನ್ನು ಕೈಯಲ್ಲಿ ಹಿಡಿದರೆ ಯಾವ ಬಿಳಿಯೂ ಬರೀ ಬಿಳಿಯೇ. ನಾಲ್ಕೈದು ಬಿಳಿಗಳನ್ನು ಒತ್ತೊತ್ತಾಗಿ ಇಟ್ಟಾಗಲೇ ಇದು ಹಸಿರಿಗೆ ವಾಲಿದೆ, ಅದು ನೇರಳೆಗೆ ವಾಲಿದೆ ಎಂದು ಗೊತ್ತಾಗುವುದು. ಪಕ್ಕದಲ್ಲಿ ಪ್ರಿಂಟರ್ ಕಾಗದ ಇಟ್ಟು ಹೋಲಿಸುವವರಿದ್ದಾರೆ. ಆ ಕಾಗದದಲ್ಲಿ ಹಗಲು ಬೆಳಕಿಗೆ ನೀಲಿಯಾಗಿ ಹೊಳೆಯುವ ರಾಸಾಯನಿಕ ಸೇರಿರುತ್ತದೆ. ಅದರ ಮುಂದೆ ಒಳ್ಳೆಯ ಬಿಳಿಯೂ ಹಳದಿಯಾಗಿ ಕಾಣುವುದರಿಂದ ಜನ ಇನ್ನೂ ನೀಲಿಯಾದದ್ದನ್ನು ಆರಿಸಿ ಕೈಸುಟ್ಟುಕೊಳ್ಳುತ್ತಾರೆ.

ಬಣ್ಣಕ್ಕಿಂತ ಮೊದಲು ತೀರ್ಮಾನವಾಗಬೇಕಾದದ್ದು ಬೆಳಕು. ನೇರ ಬಿಸಿಲು ಬೀಳದೆ ಆಕಾಶದ ಬೆಳಕಷ್ಟೇ ಬರುವ ಕೋಣೆಯಲ್ಲಿ ಆ ಬೆಳಕೇ ನೀಲಿ; ಅಲ್ಲಿ ತಣ್ಣನೆಯ ಬಿಳಿ ಮಂಕಾಗಿ ಬೂದಿಯಾಗುತ್ತದೆ. ಧಾರಾಳವಾಗಿ ಬಿಸಿಲು ಬರುವ ಕೋಣೆಯಲ್ಲಿ ಅದೇ ಬಣ್ಣ ಶುಭ್ರವಾಗಿ ನಿಲ್ಲುತ್ತದೆ. ರಾತ್ರಿಯ ಲೆಕ್ಕ ಬೇರೆ. ಬಲ್ಬಿನ ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ: 2700 ಕೆಲ್ವಿನ್‌ನ ಬಲ್ಬು ಗೋಡೆಯನ್ನು ಹಳದಿಯತ್ತ ಎಳೆಯುತ್ತದೆ, 6500 ಕೆಲ್ವಿನ್‌ನದು ನೀಲಿಯತ್ತ. ಕೂಲ್ ವೈಟ್ ಗೋಡೆಗೆ 6500ರ ಬಲ್ಬು ಹಾಕಿದರೆ ಮಲಗುವ ಕೋಣೆ ಆಸ್ಪತ್ರೆಯ ವಾರ್ಡಿನಂತಾಗುತ್ತದೆ. 3000ದಿಂದ 4000ದೊಳಗಿನ, ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆ) 90ಕ್ಕೆ ಕಡಿಮೆಯಿಲ್ಲದ ಬಲ್ಬು ಹಾಕಿ, ಆಮೇಲೆ ಬಣ್ಣ ನೋಡುವುದು ಸರಿಯಾದ ಕ್ರಮ. ನೆಲವನ್ನೂ ಮರೆಯುವಂತಿಲ್ಲ. ಕೆಂಪು ನೆಲವಿದ್ದರೆ ಗೋಡೆಯ ಕೆಳಭಾಗಕ್ಕೆ ಗುಲಾಬಿ ಛಾಯೆ ಬರುತ್ತದೆ, ಕಿಟಕಿಯಾಚೆ ದಟ್ಟ ಮರವಿದ್ದರೆ ಹಸಿರು.

ಕೆಲವು ಶೇಡ್ ಕಾರ್ಡುಗಳ ಹಿಂಬದಿಯಲ್ಲಿ ಎಲ್‌ಆರ್‌ವಿ ಎಂಬ ಅಂಕಿ ಇರುತ್ತದೆ. ಬಿದ್ದ ಬೆಳಕಿನಲ್ಲಿ ಎಷ್ಟು ಪಾಲು ಮರಳುತ್ತದೆ ಎಂಬುದರ ಅಳತೆ ಅದು: ಕಡುಕಪ್ಪಿಗೆ 0, ಪೂರ್ಣ ಬಿಳುಪಿಗೆ 100. ಬೆಳಕು ಕಡಿಮೆಯಿರುವ ಕೋಣೆಗೆ 80ಕ್ಕಿಂತ ಕೆಳಗಿನದು ಬೇಡ.

ಪರೀಕ್ಷೆಗೆ ಹಳೆಯ ಗೋಡೆಯ ಮೇಲೆ ಅಂಗೈಯಗಲ ಬಳಿದು ನೋಡುವುದು ದಂಡ. ಸುತ್ತಲಿನ ಹಳೆಯ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಎರಡು ಅಡಿ ಉದ್ದಗಲದ ಹಲಗೆಗೋ ದಪ್ಪ ರಟ್ಟಿಗೋ ಪ್ರೈಮರ್ ಹೊಡೆದು, ಎರಡು ಕೋಟ್ ಬಳಿದು, ಪೂರ್ತಿ ಒಣಗಲು ಬಿಡಿ. ಹಸಿಯಿದ್ದಾಗಿನ ಬಣ್ಣವೇ ಬೇರೆ, ಒಣಗಿದ ಮೇಲಿನದೇ ಬೇರೆ. ಹಲಗೆಯನ್ನು ನೆಲಕ್ಕೆ ಹಾಸದೆ ಗೋಡೆಗೆ ಆನಿಸಿ ನಿಲ್ಲಿಸಿ. ಕಿಟಕಿಯ ಪಕ್ಕ, ಕಿಟಕಿಯ ಎದುರು, ಕತ್ತಲ ಮೂಲೆ, ಮೂರೂ ಕಡೆ ಇಟ್ಟು ಬೆಳಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ ನೋಡಿ. ಸ್ವಿಚ್‌ಬೋರ್ಡಿನ ಪಕ್ಕ ಹಿಡಿಯುವುದನ್ನು ಮಾತ್ರ ತಪ್ಪಿಸಬೇಡಿ. ಕೆನೆಬಣ್ಣದ ಸ್ವಿಚ್ಚು, ಕಿಟಕಿ ಚೌಕಟ್ಟುಗಳು ತಣ್ಣನೆಯ ಬಿಳಿಯ ಪಕ್ಕ ಕೊಳೆ ಹಿಡಿದಂತೆ ಕಾಣುತ್ತವೆ. ಆಗ ಒಂದೋ ಸ್ವಿಚ್ಚು ಬದಲಿಸಬೇಕು, ಇಲ್ಲವೇ ಬಣ್ಣ.

ಇಂಥ ಬಿಳಿಗೆ ಅಂಗಡಿಯ ಟಿಂಟಿಂಗ್ ಮಷಿನ್ (ಬಣ್ಣ ಬೆರೆಸುವ ಯಂತ್ರ) ಬಿಡುವುದು ಕೆಲವೇ ಹನಿ ಬಣ್ಣ. ಒಂದು ಲೀಟರ್ ಡಬ್ಬಿಯಲ್ಲಿ ಒಂದು ಹನಿ ಹೆಚ್ಚುಕಡಿಮೆಯಾದರೂ ಕಣ್ಣಿಗೆ ಬೀಳುತ್ತದೆ, ದೊಡ್ಡ ಡಬ್ಬಿಯಲ್ಲಿ ಅಷ್ಟು ಗೊತ್ತಾಗುವುದಿಲ್ಲ. ಹಾಗಾಗಿ ಇಡೀ ಕೋಣೆಗೆ ಬೇಕಾದಷ್ಟನ್ನು ಒಂದೇ ಸಲ ತಂದು, ಎಲ್ಲ ಡಬ್ಬಿಗಳನ್ನೂ ದೊಡ್ಡ ಬಕೆಟ್‌ಗೆ ಸುರಿದು ಕಲಸಿಕೊಳ್ಳಬೇಕು. ನೀರು ಡಬ್ಬಿಯ ಮೇಲೆ ಬರೆದಷ್ಟೇ. ತೆಳುವಾದ ಬಿಳಿಯು ಗೋಡೆಯನ್ನು ಮುಚ್ಚದೆ ಪಟ್ಟೆಪಟ್ಟೆಯಾಗಿ ಕಾಣುತ್ತದೆ, ಮೂರನೆಯ ಕೋಟ್‌ನ ಖರ್ಚು ಮೈಮೇಲೆ ಬರುತ್ತದೆ.

ತಣ್ಣನೆಯ ಬಿಳಿಯು ಗೋಡೆಯ ಓರೆಕೋರೆಯನ್ನು ಮುಚ್ಚಿಡುವುದಿಲ್ಲ. ಪುಟ್ಟಿ ಉಜ್ಜಿದ ಮೇಲೆ ಕೋಣೆ ಕತ್ತಲು ಮಾಡಿ ಟಾರ್ಚನ್ನು ಗೋಡೆಗೆ ಒತ್ತಿ ಗೋಡೆಯುದ್ದಕ್ಕೂ ಬೆಳಕು ಹಾಯಿಸಿದರೆ ಪ್ರತಿ ತಗ್ಗೂ ಪ್ರತಿ ಉಬ್ಬೂ ನೆರಳು ಚೆಲ್ಲಿ ತಾನೇ ತೋರಿಸಿಕೊಳ್ಳುತ್ತದೆ. ಅಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿ, ತುಂಬಿ, 180ರ ಉಜ್ಜುಕಾಗದದಲ್ಲಿ ಉಜ್ಜಿ 320ರಲ್ಲಿ ನಯ ಮಾಡಿ. ಧೂಳು ಒರೆಸದೆ ಪ್ರೈಮರ್ ಹೊಡೆದರೆ ಬಣ್ಣ ಮುಂದೆ ಹಪ್ಪಳದಂತೆ ಏಳುತ್ತದೆ. ಹೊಸ ಗಾರೆಯಾದರೆ ಕನಿಷ್ಠ 28 ದಿನ ಒಣಗಲಿ. ನೀರಿನ ಕಲೆ, ಹೊಗೆಯ ಕಲೆಗಳ ಮೇಲೆ ಮಾಮೂಲಿ ಪ್ರೈಮರ್ ಸಾಲದು, ಕಲೆ ತಡೆಯುವ ಪ್ರೈಮರೇ ಬೇಕು. ಇಲ್ಲವಾದರೆ ಎಮಲ್ಶನ್ನಿನ (ನೀರು ಆಧಾರದ ಗೋಡೆ ಬಣ್ಣದ) ನೀರು ಕಲೆಯನ್ನು ಕರಗಿಸಿ ಮೇಲಕ್ಕೆ ತರುತ್ತದೆ, ಬಿಳಿಯ ನಡುವೆ ಕಂದು ಉಂಗುರ ಮೂಡುತ್ತದೆ.

ಬಾಗಿಲು, ಕಪಾಟುಗಳಿಗೆ ಎಣ್ಣೆ ಆಧಾರದ ಬಿಳಿ ಎನಾಮಲ್ ಬಳಿದರೆ ಬೆಳಕು ಬೀಳದ ಕಡೆಯಲ್ಲೇ ಮೊದಲು ಹಳದಿಯಾಗುತ್ತದೆ. ಕಪಾಟಿನ ಒಳಗು ನೋಡಿದರೆ ಸಾಕು. ತಣ್ಣನೆಯ ಬಿಳಿಯ ಜೊತೆಗೆ ನೀರು ಆಧಾರದ ಅಕ್ರಿಲಿಕ್ ಎನಾಮಲ್ಲೇ ಕ್ಷೇಮ. ಸೀಲಿಂಗ್‌ಗೆ ಹೆಚ್ಚಾಗಿ ತಲುಪುವುದು ನೆಲದಿಂದ ಪುಟಿದ ಬೆಳಕು. ಗೋಡೆಯ ಬಣ್ಣವನ್ನೇ ಅಲ್ಲಿಗೂ ಬಳಿದರೆ ಒಂದು ಛಾಯೆ ಕಪ್ಪಾಗಿ ಕಾಣುತ್ತದೆ, ಆದ್ದರಿಂದ ಏನೂ ಬೆರೆಸದ, ಹೊಳಪಿಲ್ಲದ ಮ್ಯಾಟ್ ಬಿಳಿ ಸಾಕು. ಗೋಡೆಗೂ ಮ್ಯಾಟ್ ಚೆನ್ನ, ಆದರೆ ಮಕ್ಕಳ ಕೈತಾಗುವಲ್ಲಿ ಒರೆಸಿ ಒರೆಸಿ ಹೊಳೆಯುವ ತೇಪೆಗಳು ಬೀಳುತ್ತವೆ. ಅಲ್ಲಿಗೆ ತುಸು ಹೊಳಪಿನ ಸ್ಯಾಟಿನ್.

ಪತ್ರಿಕೆಯಲ್ಲೂ ಒಂದು ವಿನಂತಿ. ಮನೆ ಅಲಂಕಾರದ ಪುಟಗಳಲ್ಲಿ ಬಿಳಿ ಕೋಣೆಯ ಚಿತ್ರ ಹಾಕುವಾಗ ಅಡಿಬರಹದಲ್ಲಿ ಬಣ್ಣದ ಹೆಸರಷ್ಟೇ ಇರುತ್ತದೆ. ಕಿಟಕಿ ಯಾವ ದಿಕ್ಕಿಗಿದೆ, ಬಲ್ಬು ಎಷ್ಟು ಕೆಲ್ವಿನ್‌ನದು, ಚಿತ್ರ ತೆಗೆದದ್ದು ಹಗಲೋ ರಾತ್ರಿಯೋ ಎಂಬುದನ್ನೂ ಒಂದು ಸಾಲಿನಲ್ಲಿ ಸೇರಿಸಿ.

ಇಂತಿ,
ಒಬ್ಬ ಓದುಗ